ಸೇಠನ ಅವ್ವನ ಪಾಲಿನ ಕಾಳು

"ಏನೇ, ಪಾರಿವಾಳದ ಬಾಯಿಂದ ಕಿತ್ಕೊಂಡು ತಿನ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿಮ್ಗೆ? ಭಿಕಾರಿಗಳು!"

ಹಾಗೆಂದವನು ವಾಸು, ರಾಮಚಂದ್ರ ಸೇಠನ ಗೋದಾಮಿನ ಮುಕಾದಮ, ನಮ್ಮ ಮೇಸ್ತ್ರಿ. ಅವನ ಬೂಟು ತಾಗಿ ನನ್ನ ಮೊರ ಮಗುಚಿ ಬಿತ್ತು. ಬೆಳಗಿನ ಕಾಳು ಕೇರುತ್ತ ಕೂತಿದ್ದೆ. ಗೋಣಿಯ ಎಳೆ, ಕಲ್ಲು, ಇಲಿಯ ಹಿಕ್ಕೆ ಒಂದು ಮಗ್ಗುಲಿಗೆ ಸರಿದು, ಕಾಳು ಇನ್ನೊಂದು ಮಗ್ಗುಲಿಗೆ ಕೂಡಿತ್ತು. ಈಗ ಎಲ್ಲ ಮತ್ತೆ ಒಂದಾಗಿ ತುರ್ಭೆಯ ಧಾನ್ಯದ ಮಾರ್ಕೆಟ್ಟಿನ ಕೆಸರಿನಲ್ಲಿ ಬಿತ್ತು.

"ಯಾವ ಪಾರಿವಾಳದ್ದೋ ವಾಸಣ್ಣ? ಇದು ನಮ್ಮ ಝಾಡುಮಾಲು."

"ನಿನ್ನೆವರೆಗೆ ನಿಮ್ದು. ಇವತ್ತಿಂದ ಪಾರಿವಾಳದ್ದು. ಸೇಠ್ ಹೇಳಿದ್ದು ಮಾರಾಯ್ತಿ, ನನ್ನ ಮುಖ ಎಂತ ನೋಡ್ತಿ?"

ನಮ್ಮ ಸೇಠನ ಗೋದಾಮಿನಲ್ಲಿ ಗುಡಿಸುವ ಹೆಂಗಸರಿಗೆ ಸಂಬಳವಿರಲಿಲ್ಲ. ಹಮಾಲರು ಕೊಕ್ಕೆ ಹಾಕಿ ಚೀಲ ಎಳೆಯುವಾಗ ನೆಲಕ್ಕೆ ಸೋರಿದ ಕಾಳೇ ಕೂಲಿ. ಅದಕ್ಕೇ ಝಾಡುಮಾಲು ಎಂದು ಹೆಸರು. ನನ್ನ ಗಂಡ ಅಂಬಾರಾಯ ಉಳ್ಳಾಗಡ್ಡಿ ಮಾರ್ಕೆಟ್ಟಿನಲ್ಲಿ ಹಮಾಲಿ. ಅವನ ದುಡಿಮೆ ಖೋಲಿಯ ಬಾಡಿಗೆಗೂ ಅಕ್ಕಿಗೂ ಮುಗಿಯುತ್ತಿತ್ತು. ಬೇಳೆಗೆ ಗೋದಾಮಿನ ನೆಲವೇ ನಮ್ಮ ಅಂಗಡಿ. ತೊಗರಿಬೇಳೆ ಕಿಲೋಕ್ಕೆ ನೂರು ದಾಟಿದ ವರ್ಷ ಅದು. ಪಕ್ಕದ ಕಾಲೋನಿಯ ಆಫೀಸಿನವರೂ ಬೇಳೆಯ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದ್ದರು. ನಮ್ಮ ಗಡಿಗೆಯಲ್ಲಿ ಮಾತ್ರ ತೊಗರಿ, ಕಡಲೆ, ಹೆಸರು, ಪರದೇಶದ ಹಳದಿ ಬಟಾಣಿ ಎಲ್ಲ ಕೂಡಿ ಕುದಿಯುತ್ತಿದ್ದವು. ತೊಗರಿ ಕರಗಿ ನೀರಾಗಿದ್ದರೂ ಬಟಾಣಿ ಇನ್ನೂ ಹಲ್ಲು ಮುರಿಯುತ್ತೇನೆಂದು ಕೂತಿರುತ್ತಿತ್ತು. ನನ್ನ ಮಗಳು ಮಾನಸಿ ಅದನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ಶಾಲೆಗೆ ಹೋಗುವವಳು.

ಸೇಠ ಬಿಜಾಪುರದ ಕಡೆಯವನು. "ನಮ್ಮ ಕಡೀ ಹೆಣಮಕ್ಕಳು" ಎಂದೇ ನಮ್ಮನ್ನು ಇಟ್ಟುಕೊಂಡಿದ್ದ. ನಮ್ಮ ಕಡೆಯವನಾದ್ದರಿಂದ ನಮ್ಮ ಕೇರಿ ಯಾವುದು ಎಂಬುದೂ ಅವನಿಗೆ ತಿಳಿದಿತ್ತು. ಬೇರೆ ಸೇಠುಗಳ ಮಡಕೆಯಲ್ಲಿ ನಾವೇ ನೀರು ಮೊಗೆದುಕೊಳ್ಳುತ್ತಿದ್ದೆವು. ಇಲ್ಲಿ ಬೊಗಸೆ ಒಡ್ಡಬೇಕಿತ್ತು.

ಅವನ ತಾಯಿ ತೀರಿ ತಿಂಗಳಾಗಿರಲಿಲ್ಲ. ಖಾರಘರದ ಅವನ ಎತ್ತರದ ಬಿಲ್ಡಿಂಗಿನ ಗಚ್ಚಿಯ ಮೇಲೆ ಪಿಂಡ ಇಟ್ಟರೆ ಕಾಗೆ ಮುಟ್ಟಲಿಲ್ಲವಂತೆ. ಮೀನಿನ ಅಂಗಡಿ ಬಿಟ್ಟು ಅನ್ನದ ಉಂಡೆಗಾಗಿ ಅಷ್ಟು ಎತ್ತರಕ್ಕೆ ಏರುವ ದಡ್ಡ ಕಾಗೆ ಈ ಸೀಮೆಯಲ್ಲಿಲ್ಲ. ಸೇಠ ಗಾಬರಿಯಾಗಿ ಡೊಂಬಿವಲಿಯಿಂದ ಗುರುಗಳನ್ನು ಕಾರಿನಲ್ಲಿ ಕರೆತಂದ.

ಮೊರ ಮಗುಚಿದ ದಿನವೇ ಗುರುಗಳು ಗೋದಾಮಿನ ಮುಂದೆ ಹೊಸದಾಗಿ ಕಟ್ಟಿಸಿದ ಪಾರಿವಾಳದ ಕಟ್ಟೆಗೆ ಹೂ ಏರಿಸಿದರು. ನಾವು ಕಸಬರಿಗೆ ಹಿಡಿದು ದೂರ ನಿಂತಿದ್ದೆವು. ಹತ್ತಿರ ಬಂದರೆ ಅವರು ಮತ್ತೆ ಸ್ನಾನ ಮಾಡಬೇಕಾಗುತ್ತಿತ್ತು, ಮಾರ್ಕೆಟ್ಟಿನಲ್ಲಿ ನಳ ಬೇರೆ ಬಂದಿರಲಿಲ್ಲ.

"ನೋಡಿ, ನಿಮ್ಮ ತಾಯಿಯವರು ಈ ಒಂದು ವರ್ಷ ಪಾರಿವಾಳದ ರೂಪದಲ್ಲಿ ಇಲ್ಲಿಗೇ ಬರುತ್ತಾರೆ," ಎಂದರು ಗುರುಗಳು. "ಈ ಗೋದಾಮಿನಲ್ಲಿ ನೆಲಕ್ಕೆ ಬಿದ್ದ ಒಂದೊಂದು ಕಾಳೂ ಅವರ ಪಾಲು. ಅವರು ಎಲ್ಲಿ ಕೂತು ತಿಂದರೂ ತಡೆಯಬಾರದು."

"ಆಗಲಿ ಗುರುಗಳೆ," ಎಂದು ಸೇಠ ಕಣ್ಣೊರೆಸಿಕೊಂಡ. ಹೊಸ ಚೀಲ ಒಡೆಯುವ ಖರ್ಚಿಲ್ಲ, ತಾಯಿಯ ಋಣವೂ ತೀರಿತು. ಆ ಕಣ್ಣೀರಿನಲ್ಲಿ ಅರ್ಧ ಸಮಾಧಾನದ್ದೇ ಇರಬೇಕು.

ನನ್ನ ಜೊತೆಗಾರ್ತಿ ಜಯಶೀಲಳ ನಾಲಿಗೆಗೆ ಬಾಗಿಲಿಲ್ಲ. "ಗುರುಗಳೆ, ಗುಡಿಸಿ ಹಾಕೋರು ನಾವ. ನಮ್ಮ ಕೈ ಮುಟ್ಟಿದ್ದು ತೀರಿಹೋದ ಸಾವಕಾರ್ತಿಗೆ ನಡೀತದೇನ್ರಿ?"

"ಧಾನ್ಯಕ್ಕೆ ಮೈಲಿಗೆ ಇಲ್ಲಮ್ಮ."

"ಹಂಗಾರ ನಮಗಷ್ಟ ಅದ ಅನ್ರಿ."

"ಬಾಯ್ ಮುಚ್ಚಲೇ ರಂಡೆ! ಬೆಳೆದ ಬಾಯಿ ನೋಡು!" ಎಂದು ಸೇಠ ಚಪ್ಪಲಿ ಎತ್ತಿದ. ಗುರುಗಳ ಮುಂದೆ ಎಂದು ಮತ್ತೆ ಕಾಲಿಗೇ ಹಾಕಿಕೊಂಡ. "ಒಂದ್ ಕಾಳ್ ಸೆರಗಿನಾಗ ಸಿಗಲಿ, ಪೊಲೀಸ್ರಿಗೆ ಕೊಡ್ತೀನಿ. ಕಳ್ಳ ಜಾತಿ!"

ಅಂದಿನಿಂದ ಗುಡಿಸುವುದು ನಾವು, ಉಣ್ಣುವುದು ಸಾವಕಾರ್ತಿ. ಹೊರಗೆ ಹೋಗುವಾಗ ವಾಸು ನಮ್ಮ ಸೆರಗು ಜಾಡಿಸಿ ನೋಡುತ್ತಿದ್ದ. ಕೆಲಸ ಬಿಡೋಣವೆಂದರೆ ಬೇರೆ ಗೋದಾಮುಗಳಲ್ಲಿ ಬೇರೆ ಹೆಂಗಸರ ಕಸಬರಿಗೆಗಳಿದ್ದವು. ಸೇಠ ಮನಸ್ಸು ಬದಲಿಸಿದರೆ ಬೇಳೆ, ಇಲ್ಲವಾದರೆ ಬರೀ ಅನ್ನ.

ಮನೆಯಲ್ಲಿ ನಾನು ಅಡಿಗೆಯ ಬದಲು ಕಣ್ಕಟ್ಟು ಕಲಿತೆ. ಭಾಜಿ ಮಾರ್ಕೆಟ್ಟಿನಲ್ಲಿ ಕಿತ್ತು ಎಸೆದ ಹೂಕೋಸಿನ ದೇಟು ತಂದು, ಖಾರ ಉಪ್ಪು ಹಚ್ಚಿ ಹುರಿದು, ಕೋಳಿಯ ಕಾಲು ಎಂದು ಮಗಳ ತಾಟಿಗೆ ಹಾಕಿದೆ.

ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕರೆದರೆ ಹಿಂದಿಯಲ್ಲಿ ಓಗೊಡುವವಳು. ಒಂದು ತುಂಡು ಕಡಿದು ಹೇಳಿದಳು: "ಅವ್ವಾ, ಯೇ ಮುರ್ಗಿ ತೋ ಗೋಬಿ ಹೈ."

"ಗೋಬಿ ತಿಂದು ಬೆಳದ ಕೋಳಿ ಅದು. ಉಣ್ಣು."

ಅಂಬಾರಾಯ ನಗುತ್ತಲೇ ತನ್ನ ತಾಟಿನ ಎರಡು ಕಾಲನ್ನೂ ಅವಳ ತಾಟಿಗೆ ದಾಟಿಸಿದ. ಮಗಳು ಉಂಡು ಮಲಗಿದಳು. ಅವಳ ಹೊಟ್ಟೆಯ ಮೇಲೆ ಕೈಯಿಟ್ಟರೆ ಒಳಗೆ ಗೋಬಿ ತಿಂದ ಕೋಳಿ ಕೊಕ್ಕೋ ಅನ್ನುತ್ತಿತ್ತು.

ಮರುದಿನ ಬೆಳಿಗ್ಗೆ ಪಾರಿವಾಳಗಳಿಗೆ ಕಾಳು ಚೆಲ್ಲುತ್ತ ನಿಂತಾಗ ಗುರುಗಳ ಮಾತು ನೆನಪಾಯಿತು. ಎಲ್ಲಿ ಕೂತು ತಿಂದರೂ ತಡೆಯಬಾರದು. ಜಯಶೀಲಳ ಮುಖ ನೋಡಿದೆ. ಅವಳು ಕಟ್ಟೆ ನೋಡಿದಳು, ಗೋದಾಮಿನ ಬಾಗಿಲ ಜಾಳಿಗೆ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು.

ಹಕ್ಕಿ ಒಳಗೆ ಬಾರದಂತೆ ಬಾಗಿಲಿಗೆ ಜಾಳಿಗೆ ಇಳಿಬಿಡುವುದು ಗುಡಿಸುವವರ ಕೆಲಸವೇ ಆಗಿತ್ತು. ಆ ದಿನ ಅದು ಸ್ವಲ್ಪ ಮೇಲೇ ಉಳಿಯಿತು. ಕೊನೆಯ ಮುಷ್ಟಿ ಕಾಳನ್ನು ಕಟ್ಟೆಗಲ್ಲ, ಕಟ್ಟೆಗೂ ಬಾಗಿಲಿಗೂ ನಡುವೆ ಚೆಲ್ಲಿದೆ. ಮರುದಿನ ಹೊಸ್ತಿಲ ಮೇಲೆ. ಆಮೇಲೆ ಹೊಸ್ತಿಲ ಒಳಗೆ. ಪಾರಿವಾಳ ಹೊಸ ಜಾಗಕ್ಕೆ ಹೆದರುತ್ತದೆ, ಕತ್ತು ಹೊರಳಿಸಿ ನೋಡುತ್ತದೆ, ಹಿಂದೆ ಸರಿಯುತ್ತದೆ. ಹಟ ಹಿಡಿದ ಮಗುವಿಗೆ ಉಣಿಸಿದವರಿಗೆ ಇದೇನು ದೊಡ್ಡದಲ್ಲ. ಅವಸರ ಮಾಡಬಾರದು, ಗದರಬಾರದು, ಮೊದಲ ತುತ್ತು ತಾನೇ ಬಂದು ತಿನ್ನುವವರೆಗೆ ಕಾಯಬೇಕು. "ಬಾರವ್ವ, ಬಾ ಸಾವಕಾರ್ತಿ, ನಿನ್ನದ ಮನಿ," ಎಂದು ಕರೆಯುತ್ತಿದ್ದೆ. ಶಾಲೆಗೆ ಹೊರಡುವ ಮುಂಚೆ ಮಾನಸಿ ನನ್ನ ಹಿಂದೆ ಕೂತು ಗುಟುರ್ ಗುಟುರ್ ಎನ್ನುತ್ತಿದ್ದಳು.

ವಾಸು ಒಮ್ಮೆ ನೋಡಿದ. "ಒಳಗೆ ಎಂತಕ್ಕೆ ಹಾಕುದು ಮುಕ್ತಾ?"

"ನಾವ್ ಹಾಕಿಲ್ಲ ವಾಸಣ್ಣ," ಎಂದೆ. "ಬಿದ್ದದ್ದನ್ನ ಬಿದ್ದಲ್ಲೇ ಬಿಟ್ಟೀವಿ. ತಗದ್ರ ಕಳ್ಳರು, ತಡದ್ರ ಪಾಪಿಗಳು. ನೀ ತಡೀತಿಯೇನ್ ಮತ್ತ?"

ಅವನು ಕಟ್ಟೆಗೆ ಕೈಮುಗಿದು ಚಹಾಕ್ಕೆ ಹೋದ.

ಒಂದು ಸೋಮವಾರ, ದೊಡ್ಡ ವ್ಯಾಪಾರದ ಹೊತ್ತು. ಶಾಲೆಗೆ ರಜೆಯೆಂದು ಮಾನಸಿಯೂ ನನ್ನ ಮಗ್ಗುಲಲ್ಲಿದ್ದಳು. ನಾಸಿಕದ ಕಡೆಯ ಗಿರಾಕಿಗಳು ಸೇಠನ ಬಿಳಿಯ ಗಾದಿಯ ಸುತ್ತ ಕೂತು ಬಾಸುಮತಿಯ ನಮೂನೆ ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು. ಪಾರಿವಾಳಗಳು ಬಂದವು. ಬಂದವು ಎಂದರೆ ಸಾಲದು, ಮದುವೆಗೆ ಬೀಗರು ಬಂದಂತೆ ಬಂದವು. ಬಾಸುಮತಿಯ ಚೀಲದ ಮೇಲೆ ಕೂತು ಹೊಲಿಗೆ ಕುಕ್ಕಿದವು. ತಕ್ಕಡಿಯ ಮೇಲೆ ಕೂತವು. ಫ್ಯಾನಿನ ಮೇಲಿಂದ ಸೇಠನ ಟೊಪ್ಪಿಗೆಯ ಮೇಲೆ, ಅಲ್ಲಿಂದ ಅಂಗಿಯ ಮೇಲೆ, ಅಲ್ಲಿಂದ ಗಿರಾಕಿಯ ಅಂಗೈಯಲ್ಲಿದ್ದ ಅಕ್ಕಿಯ ಮೇಲೆ ಬಿಳಿಯ ಹನಿ ಬಿದ್ದವು.

"ಕಾಯ್ ಹೇ ಶೇಠ್!" ಎಂದು ಗಿರಾಕಿ ಕೈ ಜಾಡಿಸಿ ಎದ್ದ.

"ವಾಸೂ! ಎಲ್ಲಿ ಸತ್ತಿ ಬೋಳಿಮಗನ? ಓಡಸೋ ಇವನ್ನ!"

ವಾಸು ಓಡಿ ಬಂದ, ಟವೆಲ್ ಎತ್ತಿದ, ಗೋಡೆಯ ಮೇಲಿನ ಹಾರ ಹಾಕಿದ ಸಾವಕಾರ್ತಿಯ ಫೋಟೋ ನೋಡಿದ, ಟವೆಲ್ ಇಳಿಸಿದ. ನಮ್ಮ ಹತ್ತಿರ ಬಂದು ಪಿಸುಗುಟ್ಟಿದ: "ಓಡ್ಸಿ ಮಾರಾಯ್ತೀರೆ, ಕಾಲಿಗೆ ಬೀಳ್ತೇನೆ. ನಿಮ್ಮ ಝಾಡುಮಾಲು ನೀವೇ ತಕೊಳ್ಳಿ, ನಾನು ನೋಡುದಿಲ್ಲ."

"ನೀ ನೋಡದಿದ್ರ ಕಳವು ಆಗ್ತದ ವಾಸಣ್ಣ," ಎಂದೆ. "ಸೇಠ್ ಹೇಳಲಿ, ಎಲ್ಲರ ಮುಂದ. ಝಾಡುಮಾಲು ನಿಮ್ಮದು ಅಂತ."

ಸೇಠನಿಗೆ ಅದು ಕೇಳಿಸಿತು. ಮುಖ ಕೆಂಪಾಯಿತು. "ಕಸಾ ಹೊಡಿಯೋ ಸೂಳೇರ ಮುಂದ ನಾ ಹೇಳಬೇಕಾ? ಏ, ಎದ್ದು ಹೊಡೀರಿ!"

"ಎಲ್ಲಾನೂ ಏನ್ರಿ?" ಎಂದಳು ಜಯಶೀಲ.

"ಎಲ್ಲಾ ಅಂದ್ರ ಎಲ್ಲಾ!"

ನಾವು ಏಳಲಿಲ್ಲ. ಕಸಬರಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತೆವು. ಚೀಲ ಹೊತ್ತ ಹಮಾಲರು ಹೊತ್ತಲ್ಲೇ ನಿಂತರು. ಪಕ್ಕದ ಗೋದಾಮಿನವರು ಬಾಗಿಲಿಗೆ ಬಂದರು. ಸೇಠ ತಾನೇ ಮೂಲೆಯ ಬಿದಿರು ಕೋಲು ಕಿತ್ತುಕೊಂಡು ಎತ್ತಿದ. ಗಾದಿಯ ನಡುವೆ, ಅವನು ಕೂರುವ ಜಾಗದಲ್ಲೇ, ಒಂದು ದಪ್ಪ ಬೂದು ಪಾರಿವಾಳ ಕೂತಿತ್ತು. ಏಳಲಿಲ್ಲ. ಕತ್ತು ಓರೆ ಮಾಡಿ, ತಡವಾಗಿ ಮನೆಗೆ ಬಂದ ಮಗನನ್ನು ನೋಡುವ ಹಾಗೆ ಅವನನ್ನೇ ನೋಡಿತು. ಕೋಲು ಗಾಳಿಯಲ್ಲೇ ನಿಂತಿತು.

ಗುರುಗಳ ಮಾತು ಇಡೀ ಮಾರ್ಕೆಟ್ಟಿಗೂ ಗಿರಾಕಿಗಳಿಗೂ ಗೊತ್ತಿತ್ತು. ಅಲ್ಲಿದ್ದವರ ನಾಲಿಗೆಯ ತುದಿಯಲ್ಲಿ ಒಂದೇ ಮಾತು ಇತ್ತು. ಹಮಾಲರು ನುಂಗಿಕೊಂಡರು. ಗಿರಾಕಿಗಳು ಮೀಸೆಯಡಿ ಒತ್ತಿಕೊಂಡರು. ಜಯಶೀಲ ಕೂಡ ಸೆರಗು ಕಚ್ಚಿದಳು.

ಮಾನಸಿ ನನ್ನ ಮಗ್ಗುಲಿನಿಂದ ಎದ್ದಳು. ನಾನು ಹಿಡಿಯಲಿಲ್ಲ. ಗಾದಿಯ ಹತ್ತಿರ ಹೋಗಿ, ಸೇಠನ ಕೋಲಿನ ಕೆಳಗೆ ನಿಂತು, ನಮ್ಮ ಮಾತಿನಲ್ಲೇ, ಇಡೀ ಗೋದಾಮಿಗೆ ಕೇಳುವ ಹಾಗೆ ಕೇಳಿದಳು:

"ಸೇಠ್ ಕಾಕಾ, ಇದರಾಗ ನಿಮ್ಮವ್ವ ಯಾವಾಕಿರಿ?"