ಮಣ್ಣು ಮುಟ್ಟದ ಅಟ್ಟೆ

ಡೋಲು ಇನ್ನೂ ಹೊಳೆಯ ಆಚೆಗಿದೆ, ಹಾಡು ಕೇಳಿಸುತ್ತಿಲ್ಲ, ಬರಿಯ ಡೋಲು, ಚರ್ಚಿನ ಸಭೆಯವರ ಮೆರವಣಿಗೆ ಕೆಸರಿನಲ್ಲಿ ಏರು ಹತ್ತಿ ಈ ಬೇಲಿಯ ಹತ್ತಿರ ಬರುವುದಕ್ಕೆ ಹೊತ್ತಿದೆ, ಅಷ್ಟರೊಳಗೆ ಇವನನ್ನು ಮೇಲಕ್ಕೆತ್ತಿಬಿಟ್ಟರೆ ಆಯಿತು — ತ್ರುಫೇನಾ ಗಂಡನ ಕಂಕುಳಿಗೆ ಮತ್ತೆ ಕೈ ಹಾಕಿದಳು, ಉಸಿರು ಬಿಗಿಹಿಡಿದು ಎಳೆದಳು, ಜೋತಾಮನ ತಲೆಯಷ್ಟೇ ಮೇಲೆದ್ದಿತು, ಮೈ ಅಲ್ಲೇ ಇತ್ತು, ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ, ಸ್ವಾಧೀನವಿಲ್ಲದ ಬಲಗೈ ಮೈಯಡಿ ಸಿಕ್ಕಿಕೊಂಡು. ಬೆನ್ನಿನ ಹುಣ್ಣು ತೊಳೆಯಲೆಂದು ಮಗ್ಗುಲಿಗೆ ಹೊರಳಿಸಿದ್ದೇ ತಪ್ಪಾಯಿತು, ಸೋಪಿನ ಕೈ ಜಾರಿತು, ದಿಮ್ಮಿಯ ಹಾಗೆ ಉರುಳಿಬಿಟ್ಟ, ಭಾನುವಾರವೇ ಬೀಳಬೇಕಿತ್ತೇ, ಮೊದಲು ಸಭೆಯ ಇಬ್ಬರು ಹೆಂಗಸರು ಬಂದು ಹಿಡಿಯುತ್ತಿದ್ದರು, ಒಬ್ಬಳು ಹೆಗಲು, ಒಬ್ಬಳು ಸೊಂಟ, ಈಗ ಎರಡೂ ಇವಳೇ. ನೋವಾಯ್ತಾ ನೋರಾಳ ಅಪ್ಪಾ ಅಂದರೆ, ನನಗಲ್ಲ, ನೆಲಕ್ಕಾಗಿರ್ಬೇಕು ಕೇಳ್ನೋಡು, ಅನ್ನುತ್ತಾನೆ ಅರ್ಧ ಬಾಯಿಯಲ್ಲಿ, ಮಾತು ತೊದಲಿದರೂ ಕುಚೋದ್ಯವೊಂದು ಪಾರ್ಶ್ವವಾಯುವಿನ ಕೈಗೆ ಸಿಕ್ಕಿಲ್ಲ, ಮೊದಲಾದರೆ ನಗು ಬರುತ್ತಿತ್ತು. ಈಗ ಸೊಂಟ ಹಿಡಿದುಕೊಂಡು ಅವನ ಪಕ್ಕದಲ್ಲೇ ಕುಸಿದು ಕೂತಳು, ಕೂತಲ್ಲಿಂದ ಬಾಗಿಲು ಕಾಣುತ್ತದೆ, ಬಾಗಿಲ ಬಳಿ ಆ ಶೂಗಳು, ಕಪ್ಪು, ಹೊಸವು, ಮೂತಿ ಅಂಗಳದ ಕಡೆಗೆ, ಈಗಲೇ ಹೊರಟುಬಿಡುವವರ ಹಾಗೆ.

ಎಲ್ಲ ಶುರುವಾದದ್ದು ಒಂದು ಬೆರಳಿನಿಂದ. ಮೆಕ್ಕೆಜೋಳದ ಹೊಲದಲ್ಲಿ ಕುಸಿದು ಬಿದ್ದಂದಿನಿಂದ ಸತ್ತಂತಿದ್ದ ಬಲಗಾಲಿನ ಹೆಬ್ಬೆರಳು ಒಂದು ಭಾನುವಾರ ಬೆಳಿಗ್ಗೆ ಮಿಸುಕಿತು, ಕಂಬಳಿಯ ಕೆಳಗೆ, ಕಣ್ಣಾರೆ ಕಂಡಳು, ಗಾಳಿಯಲ್ಲ, ನೊಣವಲ್ಲ — ಆ ಬೆರಳನ್ನೇ ಕಣ್ಣಲ್ಲಿ ತುಂಬಿಕೊಂಡು ಸಭೆಗೆ ಓಡಿದ್ದಳು, ಅಲ್ಲಿ ಪಾಸ್ಟರ್ ಎಲ್ಫಾಜ್ ಬೆವರು ಒರೆಸಿಕೊಳ್ಳುತ್ತ, ಕಂಡ ಮೇಲೆ ನಂಬೋದಕ್ಕೆ ವಿಶ್ವಾಸ ಯಾಕ್ರಮ್ಮ, ಕಣ್ಣಿದ್ರೆ ಸಾಕು, ಕಾಣೋ ಮುಂಚೆ ಆಯ್ತು ಅನ್ನೋರು ಯಾರಿದ್ದೀರಿ, ಏಳಿ, ಸಾಕ್ಷಿ ಹೇಳಿ. ಇವಳ ಕಾಲು ತಾನಾಗಿ ಎದ್ದಿತು. ಕರ್ತನು ನನ್ನ ಗಂಡನನ್ನು ಗುಣಪಡಿಸಿದ್ದಾನೆ ಅಂದಳು. ಸುಳ್ಳಲ್ಲ, ಕರ್ತನಿಗೆ ಗೊತ್ತು, ಬಾಯಲ್ಲಿ ಬಂದಾಗ ಅದು ಸುಳ್ಳಾಗಿರಲಿಲ್ಲ, ಎದೆ ತುಂಬಿ ಬಂದ ಮಾತು, ಡೋಲು ಹುಚ್ಚೆದ್ದು ಬಡಿಯಿತು, ಹೆಂಗಸರು ನಾಲಿಗೆ ಕುಣಿಸಿ ಕೂಗಿದರು, ಮಗನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದ ಒಬ್ಬ ಎಳೆಯ ವಿಧವೆ ನೆಲಕ್ಕೆ ಬಿದ್ದು ಅತ್ತಳು, ಹಾಗಾದರೆ ನನ್ನ ಮಗನೂ ಉಳಿಯುತ್ತಾನೆ ಅಂತ. ಮನೆಗೆ ಬಂದು ಹೇಳಿದರೆ ಜೋತಾಮ್ ಛಾವಣಿ ನೋಡುತ್ತ, ನನಗೂ ಒಂದ್ಮಾತು ಹೇಳ್ಬೋದಿತ್ತಲ್ಲೇ, ಎದ್ದು ಕೂತಿರ್ತಿದ್ದೆ. ಸಂಜೆ ಹೆಂಗಸರು ಹಾಡಿಕೊಂಡು ಬಂದರು, ರಸೋವಾ ಮುಂದೆ, ದಿನಾ ಬೆಳಿಗ್ಗೆ ತಲೆಯ ಮೇಲೆ ನೀರು ಹೊತ್ತು ತಂದುಕೊಡುತ್ತಿದ್ದ ಪಕ್ಕದ ಮನೆಯ ರಸೋವಾ, ಅವತ್ತು ಅವಳ ತಲೆಯ ಮೇಲೆ ಶೂ ಪೆಟ್ಟಿಗೆ. ಅಣ್ಣ ಇದನ್ನ ಹಾಕ್ಕೊಂಡು ಮೆರವಣಿಗೆ ಮುಂದೆ ತನ್ನ ಡೋಲು ತಾನೇ ಹೊಡೀತಾ ಬರ್ಬೇಕು ಅಂದಳು, ಕುಸಿದು ಬೀಳುವ ತನಕ ಸಭೆಯ ಡೋಲು ಜೋತಾಮನ ಕೈಯಲ್ಲೇ ಇತ್ತು. ಶೂವಿನ ಅಡಿಯ ಅಟ್ಟೆಗೆ ಅಂಗಡಿಯವನು ಅಂಟಿಸಿದ್ದ ಅಳತೆಯ ಬಿಳಿ ಚೀಟಿ ಇತ್ತು, ರಸೋವಾ ಉಗುರಿನಿಂದ ಕೀಳಲು ಹೋದಳು, ಮೂಲೆಯಷ್ಟೇ ಎದ್ದಿತು, ಬಿಡು, ನಾಕು ಹೆಜ್ಜೆ ಇಟ್ರೆ ತಾನೇ ಕಿತ್ಕೊಂಡು ಹೋಗುತ್ತೆ ಅಂದಳು, ಎಲ್ಲರೂ ನಕ್ಕರು, ಪ್ರಾರ್ಥನೆ ಮಾಡಿದರು, ಶೂಗಳನ್ನು ಬಾಗಿಲ ಬಳಿ ಇಟ್ಟು ಹೋದರು.

ಮಾರನೆಯ ಬೆಳಿಗ್ಗೆ ನೀರು ಬರಲಿಲ್ಲ. ಸೌದೆಯೂ ಬರಲಿಲ್ಲ, ಹೊರಳಿಸಲು ಬರುವ ಇಬ್ಬರೂ ಬರಲಿಲ್ಲ, ಬಿಸಿಲು ಅಂಗಳಕ್ಕಿಳಿಯುವ ತನಕ ಕಾದು ತಾನೇ ಕ್ಯಾನು ಎತ್ತಿಕೊಂಡು ನೀರಿನ ಊಟೆಗೆ ಹೋದಳು, ಅಲ್ಲಿ ರಸೋವಾ ಸಿಕ್ಕಿದಳು, ಇವಳ ಕೈ ಹಿಡಿದುಕೊಂಡಳು, ಕಣ್ಣಲ್ಲಿ ನೀರು, ನಾನು ಹೊತ್ತು ತಂದ್ರೆ ನಿನ್ನ ಸಾಕ್ಷಿಗೆ ನಾನೇ ಮಸಿ ಬಳಿದ ಹಾಗಾಗಲ್ವೇನಕ್ಕಾ, ದೇವರು ಮಾಡಿದ ಕೆಲಸ ನಂಬಲಿಲ್ಲ ಅಂದ ಹಾಗಾಗಲ್ವಾ. ಪ್ರೀತಿಯಿಂದಲೇ ಅಂದದ್ದು, ಅವಳದೇನು ತಪ್ಪು, ತಾನು ಅವಳ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದಳು, ಇನ್ನೊಬ್ಬರು ಸಾಕ್ಷಿ ಹೇಳಿದಾಗ ಮಾಡಿದ್ದಾಳೆ ಕೂಡ. ಕಿಸುಮು ಪಟ್ಟಣದಿಂದ ಮಗಳು ನೋರಾ ಫೋನ್ ಮಾಡಿ, ಅಪ್ಪಂಗೆ ಗುಣ ಆಯ್ತಂತಲ್ಲ ಅವ್ವಾ, ಎಲ್ರೂ ಹೇಳ್ತಿದ್ದಾರೆ, ಹಾಗಾದ್ರೆ ಕ್ರಿಸ್ಮಸ್‌ಗೇ ಬರ್ತೀನಿ, ಬಸ್ಸಿನ ಚಾರ್ಜೂ ಉಳಿಯುತ್ತೆ, ಇವಳು ಸರಿ ಮಗಳೇ ಅಂದಳು, ಈಗಲೇ ಬಾ ಅನ್ನಬೇಕಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ, ಹೇಗಿದ್ದಾರೆ, ದೇವರ ಕೃಪೆ, ಹೇಗಿದ್ದಾರೆ, ಶಕ್ತಿ ಬರ್ತಾ ಇದೆ, ಅವನು ಎದ್ದಿಲ್ಲವೆಂದು ಎಲ್ಲರಿಗೂ ಕಾಣುತ್ತದೆ, ನೋಡಿಯೂ ನೋಡದ ಹಾಗೆ ಇರುವುದೇ ಅವರ ವಿಶ್ವಾಸ. ಪ್ರತಿ ಶನಿವಾರ ಶೂಗಳಿಗೆ ಪಾಲಿಶ್ ಹಾಕುತ್ತಾಳೆ, ಧೂಳು ಕೂರುತ್ತದೆ, ಕೋಳಿ ಹತ್ತಿ ಕೂರುತ್ತದೆ, ಒರೆಸಿ ತಿರುಗಿಸಿದರೆ ಅಟ್ಟೆಯಲ್ಲಿ ಅದೇ ಚೀಟಿ. ಕರ್ತನೇ, ನಂಬಿಕೆ ಹೋಗಿಲ್ಲ, ನನ್ನ ಮೈ ಹೋಗಿದೆ, ಮಂಡಿ ಊರಿದರೆ ಪ್ರಾರ್ಥನೆ ಬರುವ ಮುಂಚೆ ನಿದ್ದೆ ಬರುತ್ತದೆ, ಅದನ್ನೇ ಪ್ರಾರ್ಥನೆ ಅಂದುಕೊಂಡುಬಿಡು, ನೀನು ಅವನನ್ನು ಎಬ್ಬಿಸುವವನೇ ಇರಬಹುದು, ನಾನು ಬೇಡ ಅಂದೆನೇ, ಅಲ್ಲಿಯ ತನಕ ಹೊರಳಿಸುವವರು ಯಾರು.

ಹಾಡು ಕೇಳಿಸಿತು. ಏರು ಹತ್ತಿದರು. ಡೋಲು ಬೇರೆಯವರ ಕೈಯಲ್ಲಿದೆ, ಜೋತಾಮನ ಹೊಡೆತವಲ್ಲ, ಅವನ ಎಡಗೈ ಬೆರಳು ನೆಲದ ಮೇಲೆ ತಾಳ ಸರಿಪಡಿಸುತ್ತಿದೆ, ಆಮೇಲೆ ನಿಂತಿತು. ಕೂಗೇ, ಅಂದ. ಹೇಗೆ ಕೂಗುವುದು, ಏನಂತ ಕೂಗುವುದು, ಬನ್ನಿ, ದೇವರು ಗುಣಪಡಿಸಿದವನು ನೆಲಕ್ಕೆ ಬಿದ್ದಿದ್ದಾನೆ ಎತ್ತಿಕೊಡಿ ಅಂತಲೇ, ಆ ವಿಧವೆ ಇರುತ್ತಾಳೆ ಸಾಲಿನಲ್ಲಿ, ಮಗ ಇನ್ನೂ ಆಸ್ಪತ್ರೆಯಲ್ಲೇ ಇದ್ದಾನೆ, ಅವಳು ಹಿಡಿದುಕೊಂಡಿರುವುದು ಈ ಒಂದು ಮಾತನ್ನೇ, ಅದನ್ನೂ ಕಿತ್ತುಕೊಳ್ಳಲೇ. ಚಳಿಯಾಗ್ತಿದೆ ಕಣೇ, ಅಂದ ಜೋತಾಮ್, ಈ ಸಲ ಕುಚೋದ್ಯವಿರಲಿಲ್ಲ, ಬರಿಯ ಚಳಿ, ತುಟಿ ನಡುಗುತ್ತಿತ್ತು. ಎದ್ದಳು, ಗೋಡೆ ಹಿಡಿದು ಬಾಗಿಲಿಗೆ ಬಂದಳು, ಬೇಲಿಯಾಚೆ ಬಿಳಿಯ ತಲೆವಸ್ತ್ರಗಳು, ಮಳೆಗಾಲದ ಕೆಂಪು ಕೆಸರು ಎಲ್ಲರ ಕಾಲಿಗೂ ಮೆತ್ತಿದೆ, ರಸೋವಾ ಬೇಲಿಯ ಕಂಡಿಯಲ್ಲಿ ನಿಂತಳು, ನೋರಾಳ ಅವ್ವಾ, ಬರಲ್ವೇನೇ, ಅಣ್ಣ ಹೇಗಿದ್ದಾರೆ. ದೇವರ ಕೃಪೆ, ಚೆನ್ನಾಗಿದ್ದಾರೆ — ಬಾಯಿ ಹೇಳಿಬಿಟ್ಟಿತು, ಇವಳನ್ನು ಕೇಳದೆಯೇ, ಅಭ್ಯಾಸ, ರಸೋವಾ ಹಲ್ಲೆಲೂಯ ಅಂದು ತಿರುಗಿದಳು, ಹಾಳು ಬಾಯಿ, ಇನ್ನೊಂದು ಮಾತು ಬರುತ್ತಿಲ್ಲ, ಹಿಂದೆ ಒಳಗಿಂದ ಹಲ್ಲು ಕಟಕಟ ಎನ್ನುವುದು ಕೇಳಿಸುತ್ತಿದೆ. ರಸೋವಾ, ಅಂತ ಕರೆದಳು. ಬಗ್ಗಿದಳು, ಸೊಂಟ ಕಿರುಗುಟ್ಟಿತು, ಶೂಗಳನ್ನು ಎತ್ತಿಕೊಂಡಳು, ಒಂದೊಂದು ಕೈಯಲ್ಲಿ ಒಂದೊಂದು, ಬೇಲಿಯ ಕಡೆಗೆ ಅಟ್ಟೆ ತಿರುಗಿಸಿ ಹಿಡಿದಳು. ಡೋಲು ಮುಂದೆ ಹೋಯಿತು, ಹಾಡು ಮುಂದೆ ಹೋಯಿತು, ರಸೋವಾ ಹೋಗಲಿಲ್ಲ, ಕೆಸರುಗಾಲಲ್ಲೇ ಅಂಗಳಕ್ಕೆ ಕಾಲಿಟ್ಟಳು, ಹತ್ತಿರ ಬಂದಳು, ಅಟ್ಟೆಯನ್ನೇ ನೋಡುತ್ತಿದ್ದಾಳೆ, ಇವಳೂ ನೋಡುತ್ತಿದ್ದಾಳೆ, ತೋಳು ಸೋಲುತ್ತಿದೆ, ಇಳಿಸಲಿಲ್ಲ, ಚೀಟಿ, ನಾಕು ಹೆಜ್ಜೆಗೆ ಕಿತ್ತುಹೋಗಬೇಕಿದ್ದ ಬಿಳಿಯ ಚೀಟಿ, ರಸೋವಾಳ ಉಗುರು ಎಬ್ಬಿಸಿದ ಒಂದು ಮೂಲೆ ಹಾಗೇ ಎದ್ದಿದೆ, ಉಳಿದದ್ದೆಲ್ಲ ಅಂಟಿಕೊಂಡೇ ಇದೆ.