ಎಡಗಾಲು ಮತ್ತು ಲಾರಿ ಬಾಡಿಗೆ

ಎರಡೂ ಕೈಯಲ್ಲಿ ಎರಡೆರಡು ಮಡಚುವ ಕುರ್ಚಿ ಹಿಡಿದುಕೊಂಡು ಅವಳು ಮಹಡಿಯ ಮೆಟ್ಟಿಲು ಇಳಿಯುತ್ತಿದ್ದಾಗ ಗೇಟಿನ ಹತ್ತಿರ ಯಾರೋ "ಅಯ್ಯೋ ಅಕ್ಕಾ!" ಎಂದು ಕೂಗಿಕೊಂಡರು. ನೋಡಿದರೆ ಗುರುತಿಲ್ಲದ ಮನುಷ್ಯ; ಪಕ್ಕದ ಮನೆಯವರು ಅವನಿಗೆ ಅವಳನ್ನು ತೋರಿಸಿಕೊಟ್ಟಿದ್ದರು. ಕೈಯಲ್ಲಿದ್ದ ಹೂವಿನ ಹಾರವನ್ನು ಕಾಂಪೌಂಡಿನ ಮೇಲೆ ಎಸೆದು ಓಡಿಬಂದವನೇ ಕುರ್ಚಿಗಳನ್ನು ಕಿತ್ತುಕೊಂಡು, ಒಂದನ್ನು ಬಿಡಿಸಿ, ಅವಳು ಬೇಡ ಬೇಡ ಎನ್ನುವಷ್ಟರಲ್ಲಿ ಕೂರಿಸಿಯೇ ಬಿಟ್ಟ.

"ಈ ಕಾಲು ಇಟ್ಕೊಂಡು ಮಹಡಿ ಹತ್ತಿದ್ರಾ? ಮನೇಲಿ ಹೇಳೋರು ಯಾರೂ ಇಲ್ವಾ?"

"ಯಾವ ಕಾಲು?" ಎಂದಳು ಅವಳು.

ಅವನು ಅವಳ ಎಡಗಾಲನ್ನು ನೋಡಿದ. ಅವಳೂ ನೋಡಿಕೊಂಡಳು. ಅರವತ್ತೊಂದು ವರ್ಷದಲ್ಲಿ ಒಂದೇ ಸಲ, ಅದೂ ಮೂರು ದಿನದ ಮಟ್ಟಿಗೆ ರಜೆ ಹಾಕಿದ್ದ ಕಾಲು ಅದು. ಬೆಳಿಗ್ಗೆ ಎರಡು ಮೈಲಿ ನಡೆಯದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ನಾನು ಲಾರಿ ಬುಕಿಂಗ್ ಏಜೆಂಟ್ ಅಕ್ಕಾ. ಸಾರ್ ಜೊತೆ ಫೋನಲ್ಲೇ ಇಪ್ಪತ್ತೆರಡು ವರ್ಷದ ಸ್ನೇಹ. ಮುಖ ನೋಡ್ತಿರೋದು ಇವತ್ತೇ. ನೋಡಿ ನನ್ನ ಹಣೆಬರಹ."

ಮುಖ ಒಳಗೆ ನಡುಮನೆಯಲ್ಲಿತ್ತು, ಉಸಿರು ನಿಂತ ಮೇಲೆ ಗಡ್ಡ ಹೆರೆಸಿಕೊಂಡು ತಲೆ ಬಾಚಿಸಿಕೊಂಡು. ಚಿಲಕ, ಕೀಲು, ಕೊಂಡಿ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಅವಳ ಗಂಡ ಮೂವತ್ತು ವರ್ಷ ಸರಕು ರವಾನೆ ನೋಡಿಕೊಂಡಿದ್ದ. ಯಾವ ಊರಿಗೆ ಯಾರ ಲಾರಿ, ಯಾರ ಗಾಡಿ ಖಾಲಿ ವಾಪಸ್ ಹೋಗುತ್ತಿದೆ, ಯಾರನ್ನು ಹೇಗೆ ಮಾತಾಡಿಸಿದರೆ ಬಾಡಿಗೆ ಇಳಿಯುತ್ತದೆ, ಎಲ್ಲವೂ ಅವನ ತಲೆಯಲ್ಲೇ ಇತ್ತು. ಕಬ್ಬಿಣದ ಸಾಮಾನು, ತೂಕ ಜಾಸ್ತಿ. ಸಾಗಿಸುವ ಖರ್ಚಿನಲ್ಲಿ ಕಂಪನಿಯ ಸೊಂಟ ಮುರಿಯದಂತೆ ನೋಡಿಕೊಳ್ಳುವುದೇ ಅವನ ಉದ್ಯೋಗ. ಕಚೇರಿಯಲ್ಲಿ ಮಾತೆಲ್ಲ ಖರ್ಚಾಗಿಬಿಡುತ್ತಿತ್ತೋ ಏನೋ, ಮನೆಯಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

"ಕೊನೆಗೆ ಮಾತಾಡಿದ್ದೂ ನನ್ನ ಜೊತೇನೇ ಅಕ್ಕಾ," ಎಂದ ಏಜೆಂಟ್. "ನಾನೊಂದು ರೇಟು ಹೇಳ್ದೆ. ಸಾರ್ ಸುಮ್ಮನಾದ್ರು. ಸುಮ್ಮನಾಗೋದು ಅವರ ಹಳೇ ವರಸೆ. ನಾನು ಇನ್ನೂರು ಇಳಿಸ್ದೆ. ಆಗ್ಲೂ ಸುಮ್ಮನೆ. ಇನ್ನೊಂದು ನೂರು ಇಳಿಸ್ದೆ. ಆಮೇಲೆ ಆ ಕಡೆಯಿಂದ ಯಾರೋ ಕಿರುಚಿದ್ದು ಕೇಳಿಸ್ತು." ಅವನು ಮೂಗು ಒರೆಸಿಕೊಂಡ. "ಆ ರೇಟು ಹಾಗೇ ಇರ್ಲಿ ಅಂತ ಹೇಳಿದೀನಿ ಕಂಪನಿಯವರಿಗೆ. ಮಾತು ಮಾತೇ."

ಅವಳಿಗೆ ಅಳುವ ಹೊತ್ತಿನಲ್ಲಿ ನಗು ಬಂತು. ನುಂಗಿಕೊಂಡು, "ನೋಡಿ, ನನಗೇನೂ ಆಗಿಲ್ಲ. ಕಾಲು ಗಟ್ಟಿಯಾಗಿದೆ," ಎಂದು ಎದ್ದು ನಿಂತಳು.

"ಸಾರ್ ಹೇಳ್ತಿದ್ರು. ಪ್ರಾಣ ಹೋದ್ರೂ ನನಗೇನೂ ಆಗಿಲ್ಲ ಅಂತಾಳೆ ಅಂತ," ಎಂದು ಅವನು ಅವಳನ್ನು ಮತ್ತೆ ಕೂರಿಸಿದ.

ಅಷ್ಟರಲ್ಲಿ ಶಾಲೆಯಲ್ಲಿ ಪಾಠ ಹೇಳುವ ಮಗಳು ಹೊರಗೆ ಬಂದಳು. "ಅಂಕಲ್, ಅಮ್ಮನಿಗೆ ಯಾವ ಕಾಯಿಲೇನೂ ಇಲ್ಲ. ದಿನಾ ವಾಕಿಂಗ್ ಹೋಗ್ತಾಳೆ."

ಏಜೆಂಟ್ ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಮಗಳಿಗೆ ಗೊತ್ತಾಗದ ಹಾಗೆ ಹಲ್ಲುಕಚ್ಚಿ ನಡೆದು ನಿಭಾಯಿಸ್ತಿದಾಳೆ ಅಂತ ಅಪ್ಪ ಹೇಳಿದ್ರಮ್ಮ. ಈಗಾದ್ರೂ ಗೊತ್ತಾಯ್ತಲ್ಲ, ನೋಡ್ಕೋ."

ಮಗಳು ತಿರುಗಿ ಅಮ್ಮನ ಎಡಗಾಲನ್ನು ನೋಡಿದಳು.

ಹತ್ತು ಗಂಟೆಯ ಹೊತ್ತಿಗೆ ಅಂಗಳ ತುಂಬಿತು. ಡ್ರೈವರುಗಳು, ಗೋದಾಮಿನವರು, ದೂರದೂರದ ಏಜೆಂಟರು. ಎಲ್ಲರೂ ಮೊದಲು ಒಳಗೆ ಹೋಗಿ ಅವನ ಮುಖ ನೋಡಿ, ಆಮೇಲೆ ಹೊರಗೆ ಬಂದು ಅವಳ ಕಾಲು ನೋಡಿದರು. ಒಬ್ಬ ದಿಂಬು ತಂದ. ಇನ್ನೊಬ್ಬ ಎಡಗಾಲಿನ ಕೆಳಗೆ ಸ್ಟೂಲು ಇಟ್ಟ. ಅವಳು ನೀರು ಕುಡಿಯಲು ಎದ್ದರೆ ನಾಲ್ಕು ಜನ ಲೋಟ ಹಿಡಿದು ಬಂದರು. ದುಃಖದಲ್ಲಿ ನೋವು ಗೊತ್ತಾಗೋದಿಲ್ಲ, ನಾಳೆ ಗೊತ್ತಾಗುತ್ತೆ ಪಾಪ, ಎಂದು ಅವರು ಮಾತಾಡಿಕೊಳ್ಳುವುದು ಅವಳಿಗೆ ಕೇಳಿಸಿತು. ಕೊನೆಗೆ ಕಂಪನಿಯ ಯಜಮಾನ ಬಂದದ್ದನ್ನು ಕಂಡು, ಯಾರು ಏನೆಂದರೂ ಕಿವಿಗೆ ಹಾಕಿಕೊಳ್ಳದೆ ದಡದಡ ನಡೆದು ಅಡುಗೆಮನೆಗೆ ಹೋಗಿ ಅವನನ್ನು ಅಲ್ಲಿಗೆ ಕರೆಸಿದಳು.

ಯಜಮಾನ ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಅವಳ ಗಂಡನನ್ನು ಅಣ್ಣ ಎನ್ನುತ್ತಿದ್ದ.

"ಏನಿದು?" ಎಂದಳು.

"ಅತ್ತಿಗೆ, ಸ್ವಲ್ಪ ಮೆತ್ತಗೆ..."

"ನಿನಗೆ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "ನೀವೊಂದ್ಸಲ ಕಾಲು ಉಳುಕಿಸ್ಕೊಂಡಿದ್ರಲ್ಲ, ಅವತ್ತಿಂದ."

*

ಅವಳಿಗೆ ಆ ದಿನ ನೆನಪಿತ್ತು. ಬಚ್ಚಲಿನಲ್ಲಿ ಜಾರಿ ಬಿದ್ದಿದ್ದಳು. ಪಕ್ಕದ ಮನೆಯವರು ಕಚೇರಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಗಂಡ ಏದುಸಿರು ಬಿಡುತ್ತ ಬಂದಿದ್ದ.

ಅವಳಿಗೆ ಗೊತ್ತಿಲ್ಲದೆ ಉಳಿದದ್ದು ಆ ಅರ್ಧ ಗಂಟೆಯ ವಿಷಯ. ಯಜಮಾನ ಈಗ ಅದನ್ನು ಹೇಳಿದ. ಆ ವಾರ ಲಾರಿಯವರೆಲ್ಲ ಒಟ್ಟಾಗಿ ಬಾಡಿಗೆ ಏರಿಸಿದ್ದರು. ಕಂಪನಿ ಮುಚ್ಚುವ ಮಾತು ಬಂದಿತ್ತು. ಅವಳ ಗಂಡ ಬೆಳಿಗ್ಗೆಯಿಂದ ಏಜೆಂಟನ ಜೊತೆ ಫೋನಿನಲ್ಲಿ ಗುದ್ದಾಡುತ್ತಿದ್ದ. ಸುದ್ದಿ ಬಂದ ಕೂಡಲೇ, "ನನ್ನ ಹೆಂಡ್ತಿ ಬಿದ್ದಿದಾಳೆ, ನಾನು ಹೋಗ್ಬೇಕು, ನಿನ್ನ ಕೊನೇ ಮಾತು ಹೇಳಿಬಿಡು," ಎಂದ. ಅದು ಸತ್ಯವೇ. ಆ ಕಡೆಯವನು ಒಂದೇ ಉಸಿರಿಗೆ ಹಳೆಯ ಬಾಡಿಗೆಗೆ ಒಪ್ಪಿಬಿಟ್ಟ.

ನಾಲ್ಕನೆಯ ದಿನ ಅವಳು ಎಂದಿನಂತೆ ನಡೆದು ತರಕಾರಿ ತಂದಳು. ಅದೇ ದಿನ ಏಜೆಂಟ್ ಫೋನ್ ಮಾಡಿ, "ಅಕ್ಕನ ಕಾಲು ಹೇಗಿದೆ?" ಎಂದು ಕೇಳಿದ. ಮುಂದಿನ ಲೋಡಿನ ಮಾತು ಇನ್ನೂ ಆಗಬೇಕಿತ್ತು. ಗಂಡ, "ಹಾಗೇ ಇದೆ," ಎಂದ.

ಅಲ್ಲಿಂದ ಮುಂದೆ ಅದು ತಾನಾಗಿ ಬೆಳೆಯಿತು. ಒಂದು ವರ್ಷದಲ್ಲಿ ಫೋನಿನ ಮಾತಿನಲ್ಲಿ ಕಾಲು ಮರಗಟ್ಟಿತು. ನೋಡಲು ಬರುತ್ತೇವೆ ಎಂದವರಿಗೆ, ಮಂಚದ ಮೇಲಿರುವುದನ್ನು ಯಾರಾದರೂ ನೋಡಿದರೆ ಅವಳಿಗೆ ಸಂಕೋಚ ಎಂದು ಹೇಳಿದ.

ಆ ನಾಲ್ಕನೆಯ ದಿನ ಸಂಜೆ ಅವನು ಚಪ್ಪಲಿ ಬಿಡುತ್ತಾ, "ಕಾಲು ಹೇಗಿದೆ?" ಎಂದು ಕೇಳಿದ್ದ. ಮರುದಿನವೂ ಕೇಳಿದ. ಇಪ್ಪತ್ತೆರಡು ವರ್ಷ ದಿನವೂ ಕೇಳಿದ. ಒಳಗೆ ಬಂದವನ ಬಾಯಿಂದ ಬರುತ್ತಿದ್ದ ಮಾತು ಅದೊಂದೇ. "ಕಾಲಿಗೇನು ಧಾಡಿ, ಚೆನ್ನಾಗಿದೆ," ಎಂದು ಅವಳು ಗದರುತ್ತಿದ್ದಳು. ಅವನು ತಲೆಯಾಡಿಸಿ ಫೋನ್ ಹಿಡಿದು ಜಗಲಿಗೆ ಹೋಗುತ್ತಿದ್ದ. ಒಂದು ಕರವಸ್ತ್ರವನ್ನೂ ನೆನಪಿಟ್ಟು ತರದ ಗಂಡಸು ಆಗಾಗ ನೋವಿನ ಎಣ್ಣೆ, ಮೆತ್ತನೆಯ ಚಪ್ಪಲಿ, ಬಿಸಿನೀರಿನ ಚೀಲ ತರುತ್ತಿದ್ದ. ಅವನ್ನೆಲ್ಲ ಅವಳ ಕಾಲಿಗೆಂದು ಲಾರಿಯಲ್ಲಿ ಕೊಟ್ಟು ಕಳಿಸಿದವರು ಈಗ ಅಂಗಳದಲ್ಲಿ ಕೂತಿದ್ದರು.

*

"ನಿನ್ನ ಚಿಲಕ ಸಾಗಿಸೋಕೆ ನನ್ನ ಕಾಲೇ ಬೇಕಿತ್ತಾ?" ಎಂದಳು. ಸಿಟ್ಟು ಯಜಮಾನನಿಗಿಂತ ನಡುಮನೆಯಲ್ಲಿ ಮಲಗಿದ್ದವನ ಮೇಲೇ ಹೆಚ್ಚಾಗಿತ್ತು. ಎದ್ದು ಜಗಳವಾಡಲು ಅವನಿಲ್ಲ ಎಂಬುದು ಆ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

"ಇವತ್ತೊಂದಿನ ಸುಮ್ಮನಿದ್ದುಬಿಡಿ ಅತ್ತಿಗೆ."

"ಆಗಲ್ಲ. ಅವರನ್ನ ಎತ್ತೋ ಮುಂಚೆ ಎಲ್ಲರ ಎದುರಿಗೂ ಹೇಳ್ತೀನಿ. ಪಾಪ, ಅಷ್ಟು ದೂರದಿಂದ ಬಂದಿದಾರೆ. ಮೋಸ ಅಲ್ವಾ ಇದು?"

"ಅಣ್ಣನ ಹೆಸರು ಮಣ್ಣುಪಾಲಾಗುತ್ತೆ."

"ಆಗ್ಲಿ. ಹೇಳಿದ ಮೇಲೂ ಉಳಿದ್ರೆ ಅದೇ ಹೆಸರು."

ಅವಳು ಹೇಳುತ್ತಾಳೆ ಎಂಬುದರಲ್ಲಿ ಯಜಮಾನನಿಗೆ ಅನುಮಾನವಿರಲಿಲ್ಲ. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರಿಗೆ, "ಇವಳಿಗೆ ಕೋಪ ಜಾಸ್ತಿ, ಯೋಚನೆ ಮಾಡಿ," ಎಂದು ಕಡ್ಡಿ ಮುರಿದಂತೆ ಹೇಳಿದ ತಾಯಿ ಅವಳು.

ಅವಳು ಸೆರಗು ಸರಿಪಡಿಸಿಕೊಂಡು ಬಾಗಿಲಿಗೆ ಬರುವಾಗ ಗೇಟಿನ ಮುಂದೆ ತೊಳೆದು ಒರೆಸಿದ ಲಾರಿಯೊಂದು ನಿಂತಿತು. ಇಳಿದವನು ಬಿಳಿ ಮೀಸೆಯ ಲಾರಿ ಮಾಲೀಕ. "ಕೊನೇ ಪ್ರಯಾಣ ನನ್ನ ಗಾಡೀಲೇ ಆಗ್ಲಿ. ಬಾಡಿಗೆ ಮಾತು ಯಾರೂ ಎತ್ತಬಾರ್ದು," ಎಂದು ಎಲ್ಲರಿಗೂ ಒಟ್ಟಾಗಿ ಹೇಳಿದ. ಆಮೇಲೆ ನಾಲ್ಕು ಜನ ಸೇರಿ ಮುಂದಿನ ಸೀಟಿನಿಂದ ಒಬ್ಬ ಹೆಂಗಸನ್ನು ಎತ್ತಿ ಇಳಿಸಿ ಕುರ್ಚಿಯಲ್ಲಿ ಕೂರಿಸಿದರು. ಎಪ್ಪತ್ತು ದಾಟಿದವಳು. ಅವಳ ಎರಡೂ ಪಾದಗಳು ಬೇರೆ ಯಾರದೋ ಸಾಮಾನಿನಂತೆ ಜೋತಾಡುತ್ತಿದ್ದವು.

"ನಮ್ಮನೆಯವಳು," ಎಂದ ಮಾಲೀಕ. "ಹನ್ನೆರಡು ವರ್ಷ ಆಯ್ತು ಹೀಗಾಗಿ. ಹೊರಗೇ ಬರೋಳಲ್ಲ. ಇವತ್ತು ತಾನೇ ಹಟ ಮಾಡಿ ಹೊರಟ್ಲು."

ಜಗಲಿಯಲ್ಲಿ ಅವಳಿಗೆಂದು ಹಾಕಿದ್ದ ಕುರ್ಚಿಯ ಪಕ್ಕಕ್ಕೇ ಮುದುಕಿಯ ಕುರ್ಚಿಯನ್ನು ತಂದಿಟ್ಟರು. ಅವಳು ಕೂರಲೇಬೇಕಾಯಿತು. ಮುದುಕಿ ಅವಳ ಕೈ ಹಿಡಿದುಕೊಂಡಳು.

"ನಿನ್ನನ್ನ ನೋಡ್ಬೇಕು ಅಂತ ಎಷ್ಟು ದಿನದಿಂದ ಕಾದಿದ್ದೆ ತಂಗಿ. ಹೀಗೆ ನೋಡೋ ಹಾಗಾಯ್ತು."

"ನಿಮಗೆ ನಾನು ಗೊತ್ತಾ?"

"ಗೊತ್ತಾ ಅಂತೀಯಲ್ಲ! ದಿನಾ ಸಂಜೆ ಫೋನ್ ಬರ್ತಿತ್ತು. ಇವತ್ತು ನಮ್ಮನೆಯವಳು ಪರವಾಗಿಲ್ಲ, ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಲು ಅಂತ ನಿನ್ನ ಗಂಡ ಹೇಳೋರು. ಅವಳು ನಾಲ್ಕು ಇಟ್ರೆ ನಾನು ಐದು ಇಡ್ತೀನಿ ಅಂತ ನಾನು ಎದ್ದು ಕೂರ್ತಿದ್ದೆ. ಐದೇನು, ಒಂದೂ ಇಡೋಕಾಗಿಲ್ಲ ಅನ್ನು. ಆದ್ರೂ ಕೂತೆನಲ್ಲ."

"ಬಾಡಿಗೆ ಮಾತಿಗೆ ಫೋನ್ ಮಾಡಿರ್ತಾರೆ," ಎಂದಳು ಅವಳು.

"ಬಾಡಿಗೆ ಎಲ್ಲಿ ಬಂತು? ನಮ್ಮ ಗಾಡಿ ಹಾಲಿನ ಡೇರಿಗೆ ಓಡೋಕೆ ಶುರುವಾಗಿ ಏಳು ವರ್ಷ ಆಯ್ತು. ನಿಮ್ಮ ಕಂಪನಿಗೂ ನಮಗೂ ಯಾವ ಸಂಬಂಧಾನೂ ಇಲ್ಲ. ಫೋನ್ ಮಾತ್ರ ಒಂದಿನಾನೂ ತಪ್ಪಿಲ್ಲ." ಮುದುಕಿ ಅವಳ ಕೈಯನ್ನು ಸವರಿದಳು. "ಹೋದ ವರ್ಷ ಒಂದು ವಾರ ನಿನಗೆ ತುಂಬಾ ಜಾಸ್ತಿಯಾಗಿತ್ತಲ್ಲ? ಇವತ್ತೂ ಏನೂ ಹೇಳ್ತಿಲ್ಲ, ಹೇಗಿದಾಳೋ ಗೊತ್ತಾಗ್ತಿಲ್ಲ ಅನ್ನೋರು. ನಾನೂ ಊಟ ಬಿಟ್ಟಿದ್ದೆ."

ಹೋದ ವರ್ಷ ಒಂದು ವಾರ ಅವಳು ಗಂಡನೊಂದಿಗೆ ಮಾತು ಬಿಟ್ಟಿದ್ದಳು. ಕಾರಣವೂ ಈಗ ನೆನಪಿರಲಿಲ್ಲ. ಕಾಲು ಹೇಗಿದೆ ಎಂದು ಅವನು ಬಾಗಿಲಲ್ಲಿ ನಿಂತು ಏಳು ಸಂಜೆ ಕೇಳಿದ್ದ. ಅವಳು ಏಳು ಸಂಜೆಯೂ ಉತ್ತರ ಕೊಟ್ಟಿರಲಿಲ್ಲ.

ಅವಳ ಕಣ್ಣು ತುಂಬಿ ಬಂತು. ಬೆಳಗಿನಿಂದ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ಮುದುಕಿ ಕೈ ಬಿಡಲಿಲ್ಲ.

"ಇನ್ನು ಹೇಳೋರು ಯಾರು ತಂಗಿ?" ಎಂದಳು. "ನೀನು ಎಷ್ಟು ಹೆಜ್ಜೆ ಇಟ್ಟೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಹೊರಡುವ ಹೊತ್ತಾಯಿತು. ಅವನನ್ನು ಎತ್ತಿಕೊಂಡರು. ಅಂಗಳದವರೆಲ್ಲ ಎದ್ದು ನಿಂತರು. ಅವಳಿಗೆ ಹೇಳಬೇಕಾಗಿದ್ದರೆ ಇದೇ ಸಮಯ. ಯಜಮಾನ ಕಂಬಕ್ಕೆ ಒರಗಿ ಅವಳನ್ನೇ ನೋಡುತ್ತಿದ್ದ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಸಾಕಿತ್ತು. ಪಕ್ಕದವಳ ಬೆರಳುಗಳು ಇನ್ನೂ ಅವಳ ಬೆರಳುಗಳಲ್ಲಿ ಸಿಕ್ಕಿಕೊಂಡಿದ್ದವು.

ಮಗಳು ಬಂದು, "ಏಳಮ್ಮ, ಹೋಗೋಣ," ಎಂದು ಅವಳ ಚಪ್ಪಲಿಯನ್ನು ಮುಂದಿಟ್ಟಳು.

"ನನ್ನನ್ನೂ ಎತ್ಕೊಳ್ಳೋಕೆ ಹೇಳು," ಎಂದಳು ಅವಳು.

"ಅಮ್ಮಾ!"

"ಹೇಳು ಅಂದ್ನಲ್ಲ. ಚಪ್ಪಲಿ ಹಾಕು."

ಮಗಳು ಅವಳ ಮುಖವನ್ನು ನೋಡಿ, ಏನನ್ನೂ ಕೇಳದೆ ಬಗ್ಗಿ ಎರಡೂ ಕಾಲಿಗೆ ಚಪ್ಪಲಿ ತೊಡಿಸಿದಳು. ಏಜೆಂಟ್ ಒಂದು ಕಡೆ, ಮೂವರು ಡ್ರೈವರುಗಳು ಉಳಿದ ಕಡೆ ಹಿಡಿದರು. "ಹುಷಾರು, ಎಡಗಾಲು, ಎಡಗಾಲು," ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ಕುರ್ಚಿ ಎತ್ತಿದರು. ಗಂಡ ಮುಂದೆ, ಹಿಂದೆ ಅಕ್ಕಪಕ್ಕದಲ್ಲಿ ಎರಡು ಕುರ್ಚಿಗಳು, ಅದರ ಹಿಂದೆ ಲಾರಿಯವರ ದಂಡು. ಜಗಲಿಯ ಮೂರು ಮೆಟ್ಟಿಲು ಇಳಿಯುವಾಗ ಕುರ್ಚಿ ವಾಲಿತು. ಅವಳ ಎಡಗಾಲಿನ ಚಪ್ಪಲಿ ಹಿಮ್ಮಡಿಯಿಂದ ಜಾರಿ, ಹೆಬ್ಬೆರಳಿನ ತುದಿಯಲ್ಲಿ ಒಂದು ಗಳಿಗೆ ನಿಂತಿತು. ಬೆರಳು ಮಡಚಿದ್ದರೆ ಉಳಿಯುತ್ತಿತ್ತು. ಅವಳು ಮಡಚಲಿಲ್ಲ.

"ತಂಗಿ, ನಿನ್ನ ಚಪ್ಪಲಿ ಬಿತ್ತು," ಎಂದಳು ಪಕ್ಕದ ಕುರ್ಚಿಯವಳು.

"ಹೌದಾ ಅಕ್ಕಾ?" ಎಂದಳು ಅವಳು, ಕೆಳಗೆ ನೋಡದೆ. "ನನಗೆ ಗೊತ್ತೇ ಆಗ್ಲಿಲ್ಲ."