ಆಷಾಢದಲ್ಲಿ ನಾಲ್ಕು ರೌಂಡು

ನಮ್ಮ ಯಜಮಾನರಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದು ಗುಣವೋ ಕಾಯಿಲೆಯೋ, ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನನಗೆ ತೀರ್ಮಾನಿಸಲು ಆಗಿಲ್ಲ. ಮೈಸೂರಿನ ಅಗ್ರಹಾರದಲ್ಲಿ ನಮ್ಮದು ಟೈಲರ್ ಅಂಗಡಿ. ಬೇರೆ ಟೈಲರುಗಳು ಗಿರಾಕಿಯ ಸೊಂಟದ ಅಳತೆ ತೆಗೆದರೆ ಸುಮ್ಮನೆ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಇವರು ಅಂಗಡಿ ತುಂಬ ಜನ ಇದ್ದರೂ "ನಲವತ್ತೆರಡೂವರೆ!" ಎಂದು ಗಟ್ಟಿಯಾಗಿ ಕೂಗುತ್ತಾರೆ. ಹೋದ ವರ್ಷ ಮೂವತ್ತೊಂಬತ್ತಿತ್ತಲ್ಲ ಎಂದು ಗಿರಾಕಿ ಗೊಣಗಿದರೆ, "ಟೇಪು ನನ್ ಮಾತು ಕೇಳಲ್ಲ ಸ್ವಾಮಿ" ಎನ್ನುತ್ತಾರೆ. ಕಾಜ, ಗುಂಡಿ, ಹೆಮ್ಮಿಂಗ್ ನನ್ನ ಕೆಲಸ. ಮುನಿಸಿಕೊಂಡ ಗಿರಾಕಿಗಳನ್ನು ಸಮಾಧಾನ ಮಾಡುವುದೂ ನನ್ನದೇ ಕೆಲಸ.

ಭಾನುವಾರ ಅಂಗಡಿಗೆ ರಜೆ, ಆದರೆ ಶಟರ್ ಅರ್ಧ ಎತ್ತಿರುತ್ತದೆ. ಅಮೆರಿಕದಲ್ಲಿ ಶನಿವಾರ ನಡೆಯುವ ಬಾಕ್ಸಿಂಗ್ ನಮ್ಮ ಟೀವಿಗೆ ಭಾನುವಾರದ ತಿಂಡಿ ಹೊತ್ತಿಗೆ ಬರುತ್ತದೆ. ಅದನ್ನು ನೋಡಲು ಹೂಟಗಳ್ಳಿಯ ಕಾರ್ಖಾನೆಯಿಂದ ರಿಟೈರ್ ಆದ ಕೆಂಪಯ್ಯನವರು, ಸಿಟಿ ಬಸ್ಸಿನ ಕಂಡಕ್ಟರ್ ವಸಂತ್, ಮತ್ತು ನಮ್ಮ ಯಜಮಾನ ಲೋಕೇಶ್ ಹನ್ನೊಂದು ವರ್ಷದಿಂದ ಒಂದು ವಾರವೂ ತಪ್ಪದೆ ಸೇರುತ್ತಿದ್ದಾರೆ. ಈ ಕೂಟಕ್ಕೆ 'ನ್ಯಾಯಪೀಠ' ಎಂದು ಹೆಸರಿಟ್ಟವಳು ನಾನು. ಗೇಲಿ ಮಾಡಲು ಇಟ್ಟ ಹೆಸರನ್ನು ಅವರು ಬಿರುದು ಅಂದುಕೊಂಡರು.

ಅವರ ಕಟ್ಟಳೆಗಳನ್ನು ನೋಡಬೇಕು. ರೌಂಡು ನಡೆಯುವಾಗ ಯಾರೂ ಉಸಿರೆತ್ತುವಂತಿಲ್ಲ. ಗಂಟೆ ಹೊಡೆದ ಕೂಡಲೇ ಆ ರೌಂಡು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು ಎಂದು ಬರೆಯಬೇಕು. ಬರೆಯುವುದು ನಮ್ಮ ಅಳತೆ ಚೀಟಿಯ ಮೇಲೆಯೇ. ಒಮ್ಮೆ ಬರೆದದ್ದನ್ನು ತಿದ್ದುವಂತಿಲ್ಲ. ಕೊನೆಗೆ ಅಲ್ಲಿನ ಮೂವರು ಜಡ್ಜುಗಳು ಫಲಿತಾಂಶ ಹೇಳುವ ಮೊದಲು ಇಲ್ಲಿನ ಮೂವರು ತಮ್ಮ ಚೀಟಿ ಓದಬೇಕು. ಅಲ್ಲಿಂದ ಶುರುವಾಗುವ ಜಗಳ ಮುಂದಿನ ಭಾನುವಾರದವರೆಗೂ ನಡೆಯುತ್ತದೆ. ಮುಂದಕ್ಕೆ ನುಗ್ಗುವವನೇ ಗೆದ್ದ ಎನ್ನುವುದು ಕೆಂಪಯ್ಯನವರ ಪಕ್ಷ. ವಸಂತ್ ಟಿಕೆಟ್ ಎಣಿಸುವ ಹಾಗೆ ಗುದ್ದು ಎಣಿಸುತ್ತಾನೆ. ನಮ್ಮವರದು ಒಂದೇ ಮಾತು: ಕೈ ಎಷ್ಟು ಸಲ ಬೀಸಿತು ಅನ್ನುವುದು ಬೇಡ, ಎಷ್ಟು ಸಲ ಮೈಗೆ ತಾಗಿತು ಹೇಳಿ.

ಇಂಥ ಮನೆಯಲ್ಲಿ ಬೆಳೆದ ನನ್ನ ಮಗಳು ವರ್ಷಿಣಿ ಬಾಕ್ಸಿಂಗ್ ಕಲಿಯದೆ ಸಂಗೀತ ಕಲಿಯುತ್ತಾಳೆಯೇ? ಎರಡೂವರೆ ವರ್ಷದ ಹಿಂದೆ ರಾಜ್ಯಮಟ್ಟದ ಪಂದ್ಯದಲ್ಲಿ ಸೋತಳು. ನಾವೆಲ್ಲ ಸೇರಿ, ಜಡ್ಜುಗಳು ಮೋಸ ಮಾಡಿದರು ಎಂದು ಸಮಾಧಾನ ಹೇಳಿದೆವು. ಇವರೂ ಹೇಳಿದರು. ಅಳುತ್ತಿದ್ದ ಮಗಳನ್ನು ನೋಡಿ ಅವರ ಕಣ್ಣಿಗೂ ಹಾಗೇ ಕಂಡಿರಬೇಕು. ಅವಳು ಅದನ್ನೇ ನಂಬಿ ಆರು ತಿಂಗಳು ಆಟದಲ್ಲಿ ಏನನ್ನೂ ತಿದ್ದಿಕೊಳ್ಳಲಿಲ್ಲ. ಆಮೇಲೆ ಯಾರೋ ಆ ಪಂದ್ಯದ ವಿಡಿಯೋ ಕಳಿಸಿದರು. ನೋಡಿದರೆ ಮೂರಕ್ಕೆ ಮೂರು ರೌಂಡೂ ಸೋತಿದ್ದಳು.

"ಊರೋರ ಮ್ಯಾಚಿಗೆಲ್ಲ ನಿಜ ಹೇಳ್ತೀಯ. ನಂಗೊಬ್ಳಿಗೆ ಸುಳ್ಳು ಹೇಳ್ದೆ ಅಲ್ವಾ ಅಪ್ಪ?" ಅಂದಳು.

ಅವತ್ತಿನಿಂದ ಬಾಕ್ಸಿಂಗ್ ವಿಷಯದಲ್ಲಿ ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ. ಊಟ, ತಿಂಡಿ, ತಮಾಷೆ ಎಲ್ಲ ಮಾಮೂಲಿ. ಆ ಒಂದು ಬಾಗಿಲು ಮಾತ್ರ ಮುಚ್ಚಿಬಿಟ್ಟಳು. ಇವರು ಯಾರ ಹತ್ತಿರವೂ ಹೇಳಿಕೊಳ್ಳದೆ ಎರಡು ವರ್ಷ ಕೊರಗಿದರು. ನೋಡಿ ನೋಡಿ ನನಗೂ ಸಾಕಾಗಿತ್ತು.

ಈ ಸಲದ ಆಷಾಢದಲ್ಲಿ ಅವಳ ಮೊದಲ ಪ್ರೊಫೆಷನಲ್ ಫೈಟ್ ಗೊತ್ತಾಯಿತು. ನಾಲ್ಕು ರೌಂಡಿನದು, ಮೈಸೂರಿನಲ್ಲೇ. ಹಿಂದಿನ ವಾರ ಅಂಗಡಿಗೆ ಬಂದು ಅಪ್ಪನ ಎದುರು ನಿಂತಳು.

"ಅಪ್ಪ, ನನ್ ಫೈಟಿಗೂ ನೀನು ಚೀಟಿ ಬರೀಬೇಕು. ಮುಗಿದ್ಮೇಲೆ ನನ್ ಕೈಗೇ ಕೊಡ್ಬೇಕು. ನಿಜ ಬರಿ. ಈ ಸಲಾನೂ ಸುಳ್ಳು ಬರೆದ್ರೆ ಇನ್ಯಾವತ್ತೂ ಕೇಳಲ್ಲ."

ಕೆಂಪಯ್ಯನವರು ಅಲ್ಲೇ ಇದ್ದರು. "ಬ್ಯಾಡ ಕಣೋ ಲೋಕೇಶ. ಜಡ್ಜು ತನ್ ಮಗನ ಕೇಸು ತಗೊಳ್ತಾನಾ? ನೀನು ಸುಮ್ನೆ ಚಪ್ಪಾಳೆ ಹೊಡಿ" ಅಂದರು.

"ಬರೀತೀನಿ ಕೆಂಪಯ್ಯನೋರೆ" ಅಂದರು ಇವರು, ಅಷ್ಟೇ. ಆ ವಾರ ಪೂರ್ತಿ ಅವರ ಜ್ಞಾನ ಎಲ್ಲಿತ್ತೋ ಏನೋ, ಎರಡು ಬ್ಲೌಸಿಗೆ ಎಡತೋಳನ್ನು ಬಲಕ್ಕೆ, ಬಲತೋಳನ್ನು ಎಡಕ್ಕೆ ಕೂರಿಸಿ ಹೊಲಿದಿಟ್ಟಿದ್ದರು. ಬಿಚ್ಚಿ ಬಿಚ್ಚಿ ನನ್ನ ಬೆರಳು ಸವೆಯಿತು.

ಆಷಾಢದಲ್ಲಿ ಮದುವೆಗಳಿಲ್ಲ, ಕಲ್ಯಾಣ ಮಂಟಪಗಳು ಖಾಲಿ ಹೊಡೆಯುತ್ತಿರುತ್ತವೆ. ಫೈಟು ನಡೆಸುವವರು ಅಂಥದೇ ಒಂದನ್ನು ಹಿಡಿದಿದ್ದರು. ದೊಡ್ಡ ಹಾಲ್‌ನ ನಡುವೆ ರಿಂಗು, ಸುತ್ತ ಮದುವೆಗೆ ಹಾಕುವ ಅದೇ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ನನ್ನ ಮಗಳು ಕೈಗೆ ಪಟ್ಟಿ ಸುತ್ತಿಸಿಕೊಳ್ಳುತ್ತ 'ವಧುವಿನ ಕೋಣೆ'ಯಲ್ಲಿ ಕೂತಿದ್ದಳು. ಅವಳಿಗೆ ಗುದ್ದಲು ಬಂದಿದ್ದ ಮಂಡ್ಯದ ಹುಡುಗಿ ಗಗನಳಿಗೆ 'ವರನ ಕೋಣೆ' ಕೊಟ್ಟಿದ್ದರು. ಅಡುಗೆಯವರು ತಿಂಗಳಿಡೀ ಸುಮ್ಮನೆ ಕೂತು ಬೇಜಾರಾಗಿ ಎಲ್ಲರಿಗೂ ಎಲೆ ಊಟ ಮಾಡಿದ್ದರು. ಹನ್ನೊಂದು ಗಂಟೆಗೇ ಸಾರಿನ ಒಗ್ಗರಣೆ ವಾಸನೆ ರಿಂಗಿನವರೆಗೂ ಬರುತ್ತಿತ್ತು. ಇದೇ ಮಂಟಪದಲ್ಲಿ ಮಗಳನ್ನು ರೇಷ್ಮೆ ಸೀರೆಯಲ್ಲಿ ನೋಡಬೇಕು ಅಂದುಕೊಂಡಿದ್ದ ನನಗೆ ಕೆಂಪು ಗ್ಲೌಸಿನಲ್ಲಿ ನೋಡುವ ಯೋಗ ಬಂತು. ನಿಜ ಹೇಳಬೇಕೆಂದರೆ ಹೆಮ್ಮೆಯಿಂದ ಎದೆ ಉಬ್ಬಿತು.

ನ್ಯಾಯಪೀಠ ಮುಂದಿನ ಸಾಲಿನಲ್ಲಿ ಅಳತೆ ಚೀಟಿಗಳ ಸಮೇತ ಹಾಜರಿತ್ತು. ಚೀಟಿಯಲ್ಲಿ ಎದೆ, ಸೊಂಟ, ತೋಳು, ಉದ್ದ ಎಂದು ನಾಲ್ಕು ಸಾಲು ಮೊದಲೇ ಅಚ್ಚಾಗಿರುತ್ತದೆ. ನಾಲ್ಕು ರೌಂಡಿಗೆ ಹೇಳಿ ಮಾಡಿಸಿದ ಹಾಗಿತ್ತು. ಹಿಂದಿನ ಸಾಲಿನಲ್ಲಿ ನಾನು, ನನ್ನ ಪಕ್ಕದಲ್ಲಿ ಯಾರೋ ದಪ್ಪ ಜರಿಯಂಚಿನ ಸೀರೆಯ ಹೆಂಗಸು.

"ನಿಮ್ಮುಡುಗಿ ಯಾವ್ದು?" ಎಂದು ಕೇಳಿದರು.

"ಕೆಂಪು ಗ್ಲೌಸು. ನಿಮ್ಮದು?"

"ನೀಲಿ ಕಣಮ್ಮ. ಗಗನ ನನ್ ಮಗ್ಳು. ನಾನು ಪಾರ್ವತಮ್ಮ."

ಇಬ್ಬರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡೆವು. ಆಮೇಲೆ ಅವರೇ ನನ್ನ ಕೈ ಹಿಡಿದುಕೊಂಡರು. ನನ್ನ ಮಗಳಿಗೆ ಏಟು ಬೀಳುವಾಗ ನಾನು ಕಣ್ಣು ಮುಚ್ಚುವುದು, ಅವರು ಏನೂ ಆಗಿಲ್ಲ ಎಂದು ಹೇಳುವುದು. ಅವರ ಮಗಳಿಗೆ ಬೀಳುವಾಗ ನಾನು ಹೇಳುವುದು ಎಂದು ಒಪ್ಪಂದವಾಯಿತು.

ಮೊದಲ ರೌಂಡಿನಲ್ಲಿ ನಾನು ಕಣ್ಣು ತೆರೆದದ್ದೇ ಕಡಿಮೆ. ಗಗನ ಸರಸರ ಬಂದು ಹೊಡೆದು ಹೋಗುತ್ತಿದ್ದಳು. ಎರಡನೆಯದರಲ್ಲಿ ನಮ್ಮ ಹುಡುಗಿ ಎಚ್ಚೆತ್ತುಕೊಂಡಳು, ಪಾರ್ವತಮ್ಮನವರ ಉಗುರು ನನ್ನ ಅಂಗೈಗೆ ನಾಟಿತು. ಮೂರನೆಯದರಲ್ಲಿ ವರ್ಷಿಣಿ ಗಗನಳನ್ನು ಮೂಲೆಗೆ ಒತ್ತಿದಳು. ನಮ್ಮ ಕಡೆಗೆ ಕಾಣುತ್ತಿದ್ದದ್ದು ಗಗನಳ ಬೆನ್ನು ಮಾತ್ರ, ಆ ಕಡೆ ಏನಾಗುತ್ತಿದೆಯೋ ಗೊತ್ತಾಗಲಿಲ್ಲ. ನಾಲ್ಕನೆಯದರಲ್ಲಿ ಇಬ್ಬರೂ ದಣಿದಿದ್ದರು. ಆದರೆ ವರ್ಷಿಣಿ ಕೈ ಎತ್ತಿದರೆ ಸಾಕು, ಹಾಲಿನ ಜನ ಹೋ ಎಂದು ಎದ್ದು ನಿಲ್ಲುತ್ತಿದ್ದರು. ತಾಗಿತೋ ಬಿಟ್ಟಿತೋ ಯಾರಿಗೆ ಬೇಕಿತ್ತು!

ಗಂಟೆ ಹೊಡೆಯಿತು. ಇಬ್ಬರೂ ಹುಡುಗಿಯರು ತಬ್ಬಿಕೊಂಡರು. ನಾನು, ಪಾರ್ವತಮ್ಮ ಕೈ ಬಿಡಿಸಿಕೊಂಡು ಒಂದು ಲೋಟ ನೀರು ಹಂಚಿಕೊಂಡು ಕುಡಿದೆವು.

ನ್ಯಾಯಪೀಠ ಚೀಟಿ ತೆಗೆಯಿತು. "ನಲವತ್ತು, ಮೂವತ್ತಾರು! ನಾಕೂ ರೌಂಡು ನಮ್ ವರ್ಷಿಣೀದೇ!" ಎಂದು ಕೆಂಪಯ್ಯನವರು ಕುರ್ಚಿ ಕುಟ್ಟಿದರು.

"ಮೊದಲ್ನೇದೂ ಕೊಟ್ರಾ? ಕಣ್ಣಿಗೆ ಪೊರೆ ಬಂದದೆ ಕೆಂಪಯ್ಯನೋರೆ ನಿಮ್ಗೆ. ಮೂವತ್ತೊಂಬತ್ತು, ಮೂವತ್ತೇಳು. ಆದ್ರೂ ವರ್ಷಿಣೀನೇ ಗೆದ್ದಿರೋದು" ಎಂದ ವಸಂತ್.

ನಮ್ಮವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ಇದು ಅವಳಿಗೇ" ಅಂದರು. ಏನೋ ಎಡವಟ್ಟಾಗಿದೆ ಎಂದು ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು. ಬೇರೆಯವರಾದರೆ ಏನು ಬರೆದಿರುತ್ತಾರೆಂದು ಹೇಳಲಾಗದು, ಇವರ ಮುಖವೇ ಒಂದು ಚೀಟಿ.

ಮೈಕಿನಲ್ಲಿ ಫಲಿತಾಂಶ ಬಂತು. ಒಬ್ಬ ಜಡ್ಜು ವರ್ಷಿಣಿಗೆ ಮೂವತ್ತೊಂಬತ್ತು, ಗಗನಳಿಗೆ ಮೂವತ್ತೇಳು ಕೊಟ್ಟಿದ್ದರು. ಇನ್ನಿಬ್ಬರು ಇಬ್ಬರಿಗೂ ಮೂವತ್ತೆಂಟು ಕೊಟ್ಟಿದ್ದರು. ಪಂದ್ಯ ಸಮ! ರೆಫರಿ ಇಬ್ಬರ ಕೈಯನ್ನೂ ಮೇಲೆತ್ತಿದರು. ನಾನೂ ಪಾರ್ವತಮ್ಮನೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತೆವು, ಇಬ್ಬರ ಹರಕೆಯೂ ಅರ್ಧರ್ಧ ಫಲಿಸಿತ್ತು. ಆದರೆ ಹಾಲಿನಲ್ಲಿ ಗದ್ದಲವೋ ಗದ್ದಲ. "ಮೋಸ! ಅನ್ಯಾಯ!" ಎಂದು ಕೂಗಿದವರಲ್ಲಿ ಕೆಂಪಯ್ಯನವರ ಗಂಟಲೇ ದೊಡ್ಡದು.

ಊಟದ ಹಾಲಿನಲ್ಲಿ ಎಲೆ ಹಾಕಿದರು. ವರ್ಷಿಣಿ ಎಡಗಣ್ಣು ಊದಿಸಿಕೊಂಡು, ಕೂದಲು ಒದ್ದೆ ಮಾಡಿಕೊಂಡು ಬಂದು ಅಪ್ಪನ ಪಕ್ಕದಲ್ಲೇ ಕೂತಳು. ಎದುರು ಸಾಲಿನಲ್ಲಿ ಗಗನ, ಅವಳ ತಾಯಿ. ಸುತ್ತಮುತ್ತಲಿನವರೆಲ್ಲ "ನೀನೇ ಗೆದ್ದಿದ್ದೆ ಕಣಮ್ಮ", "ಜಡ್ಜುಗಳು ಕುರುಡ್ರು" ಎನ್ನುತ್ತಲೇ ಇದ್ದರು. ಅವಳು ಅಪ್ಪನ ಮುಂದೆ ಕೈ ಚಾಚಿದಳು.

ಇವರು ಚೀಟಿ ಕೊಟ್ಟರು. ಕೆಂಪಯ್ಯನವರು ಅವಳ ಭುಜದ ಮೇಲಿಂದ ಬಗ್ಗಿ ಓದಿದರು. "ವರ್ಷಿಣಿ ಮೂವತ್ತೇಳು, ಗಗನ ಮೂವತ್ತೊಂಬತ್ತು. ಥೂ ನಿನ್ನ! ಎರಡನೇ ರೌಂಡು ಒಂದ್ ಬುಟ್ರೆ ಮಿಕ್ಕಿದ್ದೆಲ್ಲ ಆ ಹುಡುಗೀಗೇ ಬರ್ದಿದ್ದೀಯಲ್ಲೋ! ನೀನೇನ್ ಹೆತ್ತಪ್ಪನೋ, ಮಂಡ್ಯದೋರ ಕಡೆಯೋನೋ?"

ಸಾರು ಬಡಿಸುವವನು ಸೌಟು ಹಿಡಿದು ಅಲ್ಲೇ ನಿಂತ. ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲ, ಆ ಮೂರು ಜನ ಗುರುತಿಲ್ಲದ ಜಡ್ಜುಗಳಿಗೆ ಇರುವಷ್ಟು ಕರುಣೆಯೂ ಈ ಮನುಷ್ಯನಿಗೆ ಇಲ್ಲವೇ? ಬಾಯಿ ತೆರೆಯಬೇಕು, ಅಷ್ಟರಲ್ಲಿ ವರ್ಷಿಣಿ ಚೀಟಿಯ ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. 'ತೋಳು' ಎಂದಿದ್ದ ಸಾಲು.

"ಇದನ್ಯಾಕೆ ಅವ್ಳಿಗೆ ಕೊಟ್ಟೆ?"

"ನಿನ್ ಹೊಡೆತ ತಾಗಿದ್ದು ನಂಗೆ ಕಾಣ್ಲಿಲ್ಲ ಕಣಮ್ಮ."

"ಅವಳ ಬೆನ್ನು ನಿನ್ ಕಡೆಗಿತ್ತು. ಹೊಟ್ಟೆಗೆ ಮೂರು ಬಿಟ್ಟೆ."

ಎದುರು ಸಾಲಿನಿಂದ ಗಗನ ತಲೆ ಎತ್ತಿದಳು. ಬಾಯಿ ತುಂಬ ಅನ್ನ. ಹೇಗೋ ನುಂಗಿಕೊಂಡು, "ಮೂರಲ್ಲ ಅಂಕಲ್, ನಾಕು. ಇನ್ನೂ ನೋಯ್ತಾ ಇದೆ. ಅದ್ಕೇ ಪಲ್ಯ ಒಂದೇ ಸಲ ಹಾಕುಸ್ಕೊಂಡೆ" ಅಂದಳು. ಪಾರ್ವತಮ್ಮ ಮಗಳ ತಲೆಗೆ ಮೊಟಕಿದರು. ಇಡೀ ಪಂಕ್ತಿ ನಕ್ಕಿತು.

ಇವರು ಮಾತ್ರ ನಗಲಿಲ್ಲ. ಎಲೆಯ ಅಂಚನ್ನೇ ನೋಡುತ್ತ ನಿಧಾನವಾಗಿ ಹೇಳಿದರು. "ಅವಳ ಮೊಣಕೈ ಕೆಳಗಿಳೀತು. ಹೊಟ್ಟೆಗೆ ಬಿದ್ದಿರ್ಬೇಕು ಅಂತ ಅನುಮಾನ ಬಂತು. ಬೇರೆ ಯಾರದಾದ್ರೂ ಫೈಟಾಗಿದ್ರೆ ನಿನ್ಗೇ ಬರೀತಿದ್ದೆ. ಅಪ್ಪ ಅಂತ ಹಂಗನ್ನಿಸ್ತಾ ಇದ್ಯೇನೋ ಅಂತ ಭಯವಾಗಿ ಅವಳಿಗೆ ಬರ್ದ್ಬುಟ್ಟೆ."

ವರ್ಷಿಣಿ ಅಪ್ಪನನ್ನೇ ನೋಡಿದಳು. "ನಿಜ ಬರಿ ಅಂದಿದ್ದೆ ಅಪ್ಪ. ನನ್ ವಿರುದ್ಧ ಬರಿ ಅಂದಿರ್ಲಿಲ್ಲ."

ಎರಡು ವರ್ಷದಿಂದ ಮಗಳ ಎದುರು ತಲೆ ತಗ್ಗಿಸಿಕೊಂಡೇ ಇದ್ದ ಮನುಷ್ಯ ಮೊದಲ ಸಲ ತಲೆ ಎತ್ತಿ ಅವಳ ಊದಿದ ಮುಖವನ್ನು ನೇರವಾಗಿ ನೋಡಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇವರು ಎಡಗೈಯಲ್ಲಿ ಪೆನ್ನು ತೆಗೆದು, ಸೊಟ್ಟ ಸೊಟ್ಟಗೆ, ಮೂರನೆಯ ಸಾಲಿನ ಒಂಬತ್ತು-ಹತ್ತನ್ನು ಹೊಡೆದುಹಾಕಿ ಹತ್ತು-ಒಂಬತ್ತು ಮಾಡಿದರು.

"ಬರೆದಿದ್ದು ತಿದ್ದಂಗಿಲ್ಲ! ಹನ್ನೊಂದ್ ವರ್ಷದ ಕಾನೂನು!" ಎಂದು ಕೆಂಪಯ್ಯನವರು ಅಬ್ಬರಿಸಿದರು.

"ಸಾಕ್ಷಿ ಹೇಳಿಕೆ ಆದ್ಮೇಲೆ ತಿದ್ದಬೋದು, ಸುಮ್ನಿರಿ" ಎಂದು ವಸಂತ್ ಅವರ ಎಲೆಗೆ ಹಪ್ಪಳ ಹಾಕಿಸಿದ.

ಈಗ ಮೂವತ್ತೆಂಟು, ಮೂವತ್ತೆಂಟು. ಇಷ್ಟಕ್ಕೇ ಸುಮ್ಮನಾಗುವ ಹುಡುಗಿಯೇ ಅವಳು? ಬೆರಳು ಒಂದು ಸಾಲು ಕೆಳಗೆ ಜಾರಿತು.

"ನಾಲ್ಕನೇದು?"

ಹಾಲಿನ ಜನರೆಲ್ಲ ನನ್ನ ಮಗಳಿಗೇ ಕೊಟ್ಟಿದ್ದ ರೌಂಡು ಅದು. ತಿದ್ದಿದರೆ ಅವಳೇ ಗೆಲ್ಲುತ್ತಿದ್ದಳು. ಪಕ್ಕದ ಪಂಕ್ತಿಯವರೂ ಕತ್ತು ಚಾಚಿದರು. ಇವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

"ಅದು ಸೋತೆ ಕಣಮ್ಮ. ಜನ ಕೂಗಿದ್ದೆಲ್ಲ ಅವಳ ಗ್ಲೌಸ್ ಮೇಲೆ ಬಿದ್ದ ಹೊಡೆತಕ್ಕೆ. ಸುಸ್ತಾದಾಗ ನಿನ್ ಎಡಗೈ ಇಳೀತದೆ. ಅವಳು ಅದನ್ನ ನೋಡ್ಕೊಂಡು ಬಲಗೈ ಬಿಟ್ಲು. ಅದಕ್ಕೇ ಕಣ್ಣು ಊದಿರೋದು."

ಕೆಂಪಯ್ಯನವರು ಬಾಯಿಗೆ ಬಂದದ್ದು ಅನ್ನಲು ಹೊರಟರು. ವರ್ಷಿಣಿ ಕೈ ಅಡ್ಡ ಹಿಡಿದಳು.

"ಹೌದಪ್ಪ. ಸೋತೆ. ನಂಗೂ ಗೊತ್ತಿತ್ತು" ಅಂದಳು. ಎಡಗೈಯನ್ನು ಕೆನ್ನೆಯ ಹತ್ತಿರ ತಂದು ಹಿಡಿದು, "ಇಲ್ಲಿರ್ಬೇಕಾ? ಇನ್ನೂ ಮೇಲಾ?" ಎಂದು ಕೇಳಿದಳು.

"ಇನ್ನೊಂದ್ ಅಂಗುಲ ಮೇಲೆ."

ಅವಳು ಒಂದು ಅಂಗುಲ ಮೇಲೆ ಎತ್ತಿದಳು. ಪಾಯಸ ಬಂತು. ಮೂರು ತಿಂಗಳಿಂದ ಸಿಹಿ ಮುಟ್ಟದ ಹುಡುಗಿ ಇನ್ನೂ ಇನ್ನೂ ಎಂದು ಹಾಕಿಸಿಕೊಂಡಳು. ಆಮೇಲೆ, ಯಾವತ್ತೂ ಕೇಳುತ್ತಲೇ ಇದ್ದವಳ ಹಾಗೆ, ತಲೆ ಎತ್ತದೆ ಹೇಳಿದಳು. "ಬುಧವಾರದಿಂದ ಪ್ರಾಕ್ಟೀಸು, ಬೆಳಿಗ್ಗೆ ಐದೂವರೆಗೆ. ಕೈ ಇಳಿದಾಗ ಕೂಗೋಕೆ ಒಬ್ರು ಬೇಕು ಅಪ್ಪ."

"ಐದಕ್ಕೇ ಗಾಡಿ ತೆಗೀತೀನಿ" ಅಂದರು ಇವರು.